ಎಫ್1 ಬೀಜ ಎತ್ತಿಟ್ಟು ಬಿತ್ತಿದರೆ ಏನಾಗುತ್ತೆ?

ತರಕಾರಿ ಬೀಜದ ಪ್ಯಾಕೆಟ್ ಮೇಲೆ ‘ಎಫ್1 ಹೈಬ್ರಿಡ್’ ಅಂತ ಬರೆದಿರ್ತಾರೆ, ನೋಡಿದ್ದೀರಾ? ಕಾರ್ ರೇಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಎರಡು ಶುದ್ಧ ತಳಿಗಳನ್ನು ಕ್ರಾಸ್ ಮಾಡಿದಾಗ ಬರುವ ಮೊದಲ ಪೀಳಿಗೆಗೆ ಎಫ್1 ಅಂತ ಹೆಸರು. ರಾಗಿ ಬೀಜವನ್ನು ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದು. ಹೈಬ್ರಿಡ್ ಟೊಮೆಟೊ ಬೀಜವನ್ನು ಹಾಗೆ ಬಿತ್ತಿದರೆ ಒಂದು ಗಿಡದಂತೆ ಇನ್ನೊಂದು ಇರಲ್ಲ. ಇದು ಬೀಜದ ಕಂಪನಿಗಳ ಟ್ರಿಕ್ ಅಂತ ತುಂಬಾ ಜನ ಹೇಳ್ತಾರೆ. ಅವರಿಗೆ ಲಾಭ ಇರೋದು ನಿಜ, ಆದರೆ ಕಾರಣ ನಮ್ಮ ಮ್ಯಾಥ್ಸ್ ಸಿಲೆಬಸ್ಸಿನಲ್ಲೇ ಇದೆ.

ಮೆಂಡೆಲ್‌ನ ಬಟಾಣಿಯಿಂದ ಶುರು ಮಾಡೋಣ. ಪ್ರತಿ ಗಿಡದಲ್ಲೂ ಒಂದು ಗುಣಕ್ಕೆ ಎರಡು ಜೀನ್ ಪ್ರತಿಗಳು. ಎತ್ತರದ ಪ್ರತಿಯನ್ನು ‘ಎ’, ಗಿಡ್ಡದ್ದನ್ನು ‘ಗಿ’ ಅನ್ನೋಣ. ಎ ಪ್ರಬಲ, ಅಂದರೆ ಎರಡೂ ಜೊತೆಗಿದ್ದರೆ ಗಿಡ ಎತ್ತರವೇ. ಶುದ್ಧ ಎತ್ತರ (ಎ-ಎ) ಮತ್ತು ಶುದ್ಧ ಗಿಡ್ಡ (ಗಿ-ಗಿ) ಗಿಡಗಳನ್ನು ಕೂಡಿಸಿದರೆ ಎಫ್1 ಪೂರ್ತಿ ಎ-ಗಿ. ಎಲ್ಲವೂ ಒಂದೇ ತರ. ರೈತರಿಗೆ ಇಷ್ಟವಾಗೋದು ಇದೇ.

ಈಗ ಎಫ್1 ಗಿಡಗಳನ್ನು ತಮ್ಮಷ್ಟಕ್ಕೆ ಬೀಜ ಕಟ್ಟಲು ಬಿಡಿ. ಪ್ರತಿ ಪರಾಗ, ಪ್ರತಿ ಅಂಡ ಒಂದೊಂದು ಟಾಸ್: ಅರ್ಧ ಎ, ಅರ್ಧ ಗಿ. ಎರಡು ಟಾಸ್‌ನಲ್ಲೂ ಗಿ ಬೀಳೋ ಸಾಧ್ಯತೆ 1/4. ಹಾಗಾಗಿ ಎಫ್2ನಲ್ಲಿ 3 ಎತ್ತರಕ್ಕೆ 1 ಗಿಡ್ಡ. 1866ರಲ್ಲಿ ಪ್ರಕಟವಾದ ಮೆಂಡೆಲ್‌ನ ಲೆಕ್ಕದಲ್ಲಿ 1064 ಗಿಡಗಳಲ್ಲಿ 787 ಎತ್ತರ, 277 ಗಿಡ್ಡ. ಸೂತ್ರ ಹೇಳೋದು 798 ಮತ್ತು 266. ವ್ಯತ್ಯಾಸ 11. ಬೈನಾಮಿಯಲ್ ಹಾಕಿ ನೋಡಿದರೆ ಸ್ಟ್ಯಾಂಡರ್ಡ್ ಡಿವಿಯೇಶನ್ ಸುಮಾರು 14 ಬರುತ್ತೆ, ಅಂದ್ರೆ ಉತ್ತರ ಸರಿಯಾಗೇ ಇದೆ. ನಾಲ್ಕೇ ಗಿಡ ನೆಟ್ಟು ‘ಒಂದೂ ಗಿಡ್ಡ ಬರಲಿಲ್ಲ, ಮೆಂಡೆಲ್ ಸುಳ್ಳು’ ಅನ್ನಬೇಡಿ. ಹಾಗಾಗೋ ಸಾಧ್ಯತೆ ಸುಮಾರು 32%.

ಇದು ಒಂದು ಜೀನ್ ಕಥೆ. ಹೈಬ್ರಿಡ್‌ನಲ್ಲಿ ಹಣ್ಣಿನ ಗಾತ್ರ, ರೋಗ ತಡೆಯೋ ಶಕ್ತಿ, ಇಳುವರಿ ಹೀಗೆ ಎಷ್ಟೋ ಜೀನ್‌ಗಳು ಸೇರಿರುತ್ತವೆ. ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲಿರುವ 10 ಜೀನ್ ಅಂತ ಇಟ್ಟುಕೊಳ್ಳಿ, ಎಲ್ಲದರಲ್ಲೂ ನಮಗೆ ಬೇಕಾದದ್ದೇ ಪ್ರಬಲ. ಹತ್ತೂ ಗುಣ ಉಳಿಸಿಕೊಂಡ ಎಫ್2 ಗಿಡ ಸಿಗೋ ಸಾಧ್ಯತೆ 3/4ರ ಹತ್ತನೇ ಘಾತ, ಅಂದರೆ 5.6%. ಸಾವಿರ ಸಸಿ ನೆಟ್ಟರೆ ಐವತ್ತಾರು! ಒಳಗಿನ ಜೀನ್‌ಗಳೂ ಎಫ್1 ತರಾನೇ ಇರಬೇಕು ಅಂದರೆ 1024ಕ್ಕೆ ಒಂದು. ಸಾಲ ಮಾಡಿ ಕೃಷಿ ಮಾಡೋರು ಈ ರಿಸ್ಕ್ ಹೇಗೆ ತಗೋತಾರೆ?

ರಾಗಿಗೆ ಈ ಕಾಟ ಇಲ್ಲ, ಅದು ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಪ್ರತಿ ಪೀಳಿಗೆಯಲ್ಲೂ ಮಿಶ್ರ ಜೋಡಿಗಳು ಅರ್ಧಕ್ಕೆ ಇಳಿಯುತ್ತವೆ. ಆರು ಪೀಳಿಗೆಯಾದ ಮೇಲೆ ಒಂದು ಜೀನ್ ಮಿಶ್ರವಾಗಿ ಉಳಿಯೋ ಸಾಧ್ಯತೆ 1/64. ಹಾಗಾಗಿ ಎಫ್2ನಲ್ಲಿ ಚೆನ್ನಾಗಿರೋ ಗಿಡ ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸುತ್ತಾ ಹೋದರೆ ಎತ್ತಿಡಬಹುದಾದ ತಳಿಯೇ ಸಿಗುತ್ತೆ. ತಾಳ್ಮೆ ಬೇಕು ಅಷ್ಟೇ.

ಹತ್ತಿಯಲ್ಲಿ ಹೈಬ್ರಿಡ್ ದಾರಿ ಹಿಡಿದವರು ಧಾರವಾಡದ ವಿಜ್ಞಾನಿಗಳು. 1972ರಲ್ಲಿ ಬಂದ ‘ವರಲಕ್ಷ್ಮಿ’ ಎರಡು ಬೇರೆ ಪ್ರಭೇದಗಳ ಹತ್ತಿಯ ಮಗಳು. ತಾಯಿಯ ಹೆಸರು ಲಕ್ಷ್ಮಿ. ಆ ಬೀಜ ಬೇಕೆಂದರೆ ತಾಯಿ ಹೂವಿನ ಕೇಸರಗಳನ್ನು ಕೈಯಲ್ಲಿ ಕಿತ್ತು, ತಂದೆ ಗಿಡದ ಪರಾಗ ಸವರಬೇಕು. ಮುಂದಿನ ವರ್ಷ ಮತ್ತೆ ಅದೇ ಕೆಲಸ, ಒಂದೊಂದು ಹೂವಿಗೂ.