ಕೀಟನಾಶಕಗಳೂ ತುಡುವೆ ಜೇನಿನ ಸಂತಾನಶಕ್ತಿಯೂ

ತ್ರಾಸಿ ಆಸುಪಾಸಿನ ಕರಾವಳಿಯಲ್ಲಿ ಭತ್ತದ ಕೊಯ್ಲಿನ ನಂತರ ಮರಳು ಮಿಶ್ರಿತ ಗದ್ದೆಗಳಲ್ಲಿ ನೆಲಗಡಲೆ, ಉದ್ದು, ಕಲ್ಲಂಗಡಿ ಬೆಳೆಯುತ್ತಾರೆ. ಗುಡ್ಡದ ಬದಿಯಲ್ಲಿ ಗೇರು, ಮನೆಯ ಸುತ್ತ ತೆಂಗು ಇರುತ್ತವೆ. ಕಲ್ಲಂಗಡಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪರಾಗ ಅಂಟಾಗಿರುವುದರಿಂದ ಗಾಳಿಯಲ್ಲಿ ಸಾಗದು. ಹೆಣ್ಣು ಹೂ ಅರಳಿರುವ ಒಂದೇ ದಿನದಲ್ಲಿ ಜೇನ್ನೊಣಗಳು ಹಲವು ಬಾರಿ ಬಾರದಿದ್ದರೆ ಹೀಚು ಉದುರುತ್ತದೆ ಅಥವಾ ಕಾಯಿ ಸೊಟ್ಟಗಾಗುತ್ತದೆ. ಆದುದರಿಂದ ಜೇನಿನ ಆರೋಗ್ಯವು ಜೇನು ಸಾಕುವವರ ಚಿಂತೆ ಮಾತ್ರವಲ್ಲ, ಬಳ್ಳಿ ಬೆಳೆಯುವವರದೂ ಹೌದು.

ತುಡುವೆ ನೊಣ ಸಾಮಾನ್ಯವಾಗಿ ಒಂದೂವರೆ ಕಿಲೋಮೀಟರಿನೊಳಗೆ ಮೇಯುತ್ತದೆ. ಕಡಲ ದಂಡೆಯ ಪೆಟ್ಟಿಗೆಗೆ ಈ ವೃತ್ತದ ಸುಮಾರು ಅರ್ಧ ಭಾಗ ನೀರೇ. ಉಳಿದ ಅರ್ಧದಲ್ಲಿ ಕೆಲವು ಗದ್ದೆಗಳಿಗೆ ವಿಷ ಬಿದ್ದರೂ ನೊಣಗಳಿಗೆ ಬೇರೆ ಮೇವು ಸಿಗುವುದು ಕಷ್ಟ.

ಕಾಣುವ ಹಾನಿ, ಕಾಣದ ಹಾನಿ

ಹೂ ಅರಳಿದ ಹೊತ್ತಿನಲ್ಲಿ ಸಿಂಪಡಿಸಿದರೆ ಪೆಟ್ಟಿಗೆಯ ಮುಂದೆ ನಾಲಗೆ ಚಾಚಿ ಸತ್ತ ನೊಣಗಳ ರಾಶಿ ಬೀಳುತ್ತದೆ. ಇದು ಎಲ್ಲರಿಗೂ ಕಾಣುವ ಹಾನಿ. ಅಂತರ್ವ್ಯಾಪಿ ಕೀಟನಾಶಕಗಳ ಹಾನಿ ಹೀಗೆ ಕಾಣುವುದಿಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದವು ಗಿಡದ ರಸದೊಡನೆ ಪರಾಗಕ್ಕೂ ಮಕರಂದಕ್ಕೂ ಸೇರುತ್ತವೆ. ನೊಣ ತಕ್ಷಣ ಸಾಯದೆ ಆ ಪರಾಗವನ್ನು ಗೂಡಿಗೆ ಒಯ್ಯುತ್ತದೆ.

ರಾಣಿ ಜೇನು ಎಳೆಯ ವಯಸ್ಸಿನಲ್ಲಿ ಮಾತ್ರ ಹೊರಗೆ ಹಾರಿ ಅನೇಕ ಗಂಡು ನೊಣಗಳೊಡನೆ ಕೂಡುತ್ತದೆ. ಆಗ ಪಡೆದ ವೀರ್ಯಾಣುಗಳನ್ನು ಹೊಟ್ಟೆಯ ಸಂಚಿಯಲ್ಲಿ ಕಾಪಿಟ್ಟು ಜೀವಮಾನವಿಡೀ ಬಳಸುತ್ತದೆ. ವೀರ್ಯಾಣು ಸೇರಿದ ಮೊಟ್ಟೆಯಿಂದ ಕೆಲಸಗಾರ ನೊಣ, ಸೇರದ ಮೊಟ್ಟೆಯಿಂದ ಗಂಡು ನೊಣ ಹುಟ್ಟುತ್ತವೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯುರೋಪಿನ ಜೇನಿನ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಥಯಾಮೆಥಾಕ್ಸಾಮ್ ಮತ್ತು ಕ್ಲೋಥಿಯಾನಿಡಿನ್ ಬೆರೆತ ಪರಾಗ ಪಡೆದ ಕುಟುಂಬಗಳ ಗಂಡು ನೊಣಗಳಲ್ಲಿ ಜೀವಂತ ವೀರ್ಯಾಣುಗಳು ಶೇಕಡಾ 39ರಷ್ಟು ಕಡಿಮೆಯಾಗಿದ್ದವು. ಈ ಮೂರು ಔಷಧಗಳ ಹೊರಾಂಗಣ ಬಳಕೆಯನ್ನು ಐರೋಪ್ಯ ಒಕ್ಕೂಟವು 2018ರಲ್ಲಿ ನಿಷೇಧಿಸಿತು.

ಇಂದು ರಾಣಿಯ ಮೊಟ್ಟೆ ಕೆಟ್ಟರೆ ಅದರ ಪರಿಣಾಮ ಹೊಲದಲ್ಲಿ ಕಾಣುವುದು ಐದಾರು ವಾರಗಳ ಮೇಲೆ. ಏಕೆಂದರೆ ಕೆಲಸಗಾರ ನೊಣ ಬೆಳೆಯಲು ಸುಮಾರು 20 ದಿನ ಬೇಕು. ಬಳಿಕ ಅದು ಎರಡು ಮೂರು ವಾರ ಗೂಡಿನೊಳಗೇ ದುಡಿದು ಅನಂತರ ಮೇವಿಗೆ ಹೊರಡುತ್ತದೆ. ಅಷ್ಟರಲ್ಲಿ ಕಲ್ಲಂಗಡಿಯ ಹೂವಿನ ಕಾಲ ಮುಗಿದಿರುತ್ತದೆ.

ಮಳೆ ಕಳೆದು ಕುಟುಂಬಗಳು ಬಲಿತು ಪಾಲಾಗುವ ಕಾಲವೂ, ಗೇರಿನ ಚಿಗುರು ಮತ್ತು ಹೂವಿಗೆ ಟೀ ಸೊಳ್ಳೆಯ ವಿರುದ್ಧ ಸಿಂಪಡಿಸುವ ಕಾಲವೂ ಒಂದೇ. ಹೊಸ ರಾಣಿಗಳು ಕೂಡಲು ಹಾರುವುದು ಆಗಲೇ ಎಂಬುದನ್ನು ಮರೆಯಬಾರದು.

ಪೆಟ್ಟಿಗೆಯೊಳಗಿನ ಮದ್ದು

ವರೋವಾ ನುಸಿಗೆಂದು ಯುರೋಪಿನ ಜೇನಿಗೆ ಬಳಸುವ ಫ್ಲೂವಾಲಿನೇಟ್, ಕೌಮಾಫಾಸ್ ಔಷಧಗಳು ಮೇಣದಲ್ಲಿ ಸೇರಿ ಬಹುಕಾಲ ಉಳಿಯುತ್ತವೆ. ಕೌಮಾಫಾಸ್ ಸೇರಿದ ಮೇಣದಲ್ಲಿ ಬೆಳೆದ ರಾಣಿಗಳು ಹಗುರವಾಗಿರುತ್ತವೆ, ಹಲವು ಬದುಕುವುದೇ ಇಲ್ಲ. ತುಡುವೆಗೆ ಇವುಗಳ ಅಗತ್ಯವಿಲ್ಲ. ಅದು ನುಸಿಯನ್ನು ತಾನೇ ಕಚ್ಚಿ ಕಿತ್ತುಹಾಕುತ್ತದೆ. ನುಸಿ ವೃದ್ಧಿಯಾಗುವುದೂ ಹೆಚ್ಚಾಗಿ ಗಂಡು ಮರಿಗಳ ಕೋಶಗಳಲ್ಲಿ ಮಾತ್ರ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಬಲಿತೆಗೆದುಕೊಂಡಿತು. ಇದು ವೈರಸ್ ರೋಗ. ಆಕ್ಸಿಟೆಟ್ರಾಸೈಕ್ಲಿನ್‌ನಂತಹ ಪ್ರತಿಜೀವಕಗಳಿಂದ ವಾಸಿಯಾಗದು. ಜೇನುತುಪ್ಪದಲ್ಲಿ ಅವುಗಳ ಶೇಷ ಉಳಿಯುವುದಷ್ಟೇ ಫಲ. ಮೇಣದ ಹುಳುವಿಗೆಂದು ನುಸಿಗುಳಿಗೆಯನ್ನು ನೊಣವಿರುವ ಪೆಟ್ಟಿಗೆಯೊಳಗೆ ಇಡುವುದೂ ತಪ್ಪು.

ಅನುಸರಿಸಬೇಕಾದ ಕ್ರಮಗಳು

1. ಕೀಟದ ಹಾವಳಿ ಕಂಡ ಮೇಲೆ ಮಾತ್ರ ಸಿಂಪಡಿಸಬೇಕು. ಹೂ ಬಿಡುವ ಬೆಳೆಗೆ ಅಂತರ್ವ್ಯಾಪಿ ಔಷಧ ಬೇಡ.

2. ಕಲ್ಲಂಗಡಿ ಹೂ ಮಧ್ಯಾಹ್ನದ ನಂತರ ಮುಚ್ಚುತ್ತದೆ. ಸಿಂಪರಣೆ ಅನಿವಾರ್ಯವಾದರೆ ಸಂಜೆ ಐದರ ಮೇಲೆ ಮಾಡಬೇಕು. ಪುಡಿ ಔಷಧವು ಪರಾಗದಂತೆ ನೊಣದ ಮೈಗೆ ಅಂಟುವುದರಿಂದ ಅದನ್ನು ಬಳಸಬಾರದು.

3. ಹಣ್ಣುನೊಣಕ್ಕೆ ಮೋಹಕ ಬಲೆಗಳನ್ನು ಕಟ್ಟಬೇಕು.

4. ಸಿಂಪಡಿಸುವ ಹಿಂದಿನ ದಿನವೇ ನೆರೆಯ ಜೇನು ಸಾಕಣೆದಾರರಿಗೆ ತಿಳಿಸಬೇಕು. ಅವರು ರಾತ್ರಿಯೇ ಬಾಗಿಲಿಗೆ ತಂತಿಬಲೆ ಹಾಕಿ, ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು, ಗಾಳಿಯಾಡುವಂತೆ ಮಾಡಿ ಒಂದು ದಿನ ಮುಚ್ಚಿಡಬಹುದು. ಒಳಗೆ ನೀರು ಮತ್ತು ಸಕ್ಕರೆ ಪಾಕ ಇರಬೇಕು.

5. ವಾರಕ್ಕೊಮ್ಮೆ ಅಡಿಹಲಗೆ ಗುಡಿಸಿ, ನೊಣ ಕೂರದ ಹಳೆಯ ಎರಿಗಳನ್ನು ತೆಗೆದರೆ ಮೇಣದ ಹುಳುವಿಗೆ ಮದ್ದೇ ಬೇಡ.

6. ಸಂಸಾರ ಕೋಣೆಯ ಎರಿಯಲ್ಲಿ ಮರಿಗಳು ಚದುರಿದ್ದು, ಕೆಲಸಗಾರ ಕೋಶಗಳ ನಡುವೆ ಉಬ್ಬಿದ ಮುಚ್ಚಳಗಳು ಕಂಡರೆ ರಾಣಿಯ ವೀರ್ಯಾಣು ಕುಂದಿದೆಯೆಂದು ತಿಳಿಯಬೇಕು. ಆ ರಾಣಿಯನ್ನು ತೆಗೆದು ಆರೋಗ್ಯವಂತ ಕುಟುಂಬದ ರಾಣಿಕೋಶ ಕೊಡಬೇಕು. ತಪ್ಪಿದರೆ ಬೇರೆ ಕುಟುಂಬದೊಡನೆ ಕೂಡಿಸಬೇಕು.

ಪೆಟ್ಟಿಗೆಯ ಮುಂದೆ ಸತ್ತ ನೊಣ ಇಲ್ಲವೆಂದು ನಿಶ್ಚಿಂತರಾಗಿ ಕುಳಿತುಕೊಳ್ಳಬಾರದು. ಮುಚ್ಚಳ ತೆಗೆದು ಮರಿಗಳ ಎರಿಯನ್ನು ನೋಡಿದಾಗಲೇ ಕುಟುಂಬದ ನಿಜಸ್ಥಿತಿ ತಿಳಿಯುವುದು. ಹೆಚ್ಚಿನ ಮಾಹಿತಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.