ಹಳೆಯ ಚಿತ್ರಗಳಿಗೆ ಹೊಸ ಮುದ್ರೆ

ಅರುವತ್ತು ವರ್ಷಗಳ ಕಾಲ ಮಕ್ಕಳು ನಿರಾತಂಕವಾಗಿ ನೋಡುತ್ತ ಬಂದ ಒಂದು ಚಲಚ್ಚಿತ್ರ. ಅದರ ಒಂದು ದೃಶ್ಯವನ್ನೂ ಕತ್ತರಿಸದೆ, ಒಂದು ಮಾತನ್ನೂ ತಿದ್ದದೆ, "ಹಿರಿಯರು ಇನ್ನು ಸ್ವಲ್ಪ ಆಲೋಚಿಸಿ ತೋರಿಸತಕ್ಕದ್ದು" ಎಂಬ ವರ್ಗಕ್ಕೆ ಅದನ್ನು ಸೇರಿಸುವುದು ಸರಿಯೆ? 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಈ ಪ್ರಶ್ನೆ ಎದ್ದಿತು. ಚಿತ್ರದ ಹೆಸರು 'ಮೇರಿ ಪಾಪಿನ್ಸ್'. ಡಿಸ್ನಿ ಸಂಸ್ಥೆ 1964ರಲ್ಲಿ ತೆಗೆದ, ಜೂಲಿ ಆಂಡ್ರೂಸ್ ನಟಿಸಿದ, ಹಾಡು ಕುಣಿತಗಳಿಂದ ತುಂಬಿದ ಚಿತ್ರವದು. ಆ ದೇಶದ ಚಲಚ್ಚಿತ್ರ ಮಂಡಲಿಯು ಅಂದು ಅದಕ್ಕೆ 'ಯು' ಮುದ್ರೆಯನ್ನು, ಎಂದರೆ ಎಲ್ಲರೂ ನೋಡಬಹುದೆಂಬ ಮುದ್ರೆಯನ್ನು ಕೊಟ್ಟಿತ್ತು. ಚಿತ್ರಮಂದಿರಗಳಲ್ಲಿ ಮತ್ತೆ ತೋರಿಸಲೆಂದು ಅದನ್ನು ಪುನಃ ಮಂಡಲಿಯ ಮುಂದಿಟ್ಟಾಗ ಮುದ್ರೆ 'ಪಿ.ಜಿ.' ಆಯಿತು. ಪೋಷಕರ ಮಾರ್ಗದರ್ಶನ ಬೇಕೆಂಬುದು ಇದರ ಅರ್ಥ.

ಕಾರಣ ಒಂದೇ ಒಂದು ಶಬ್ದ. ಕಥೆ ನಡೆಯುವುದು 1910ರ ಲಂಡನ್ನಿನಲ್ಲಿ. ಅಲ್ಲಿ ಬೂಮ್ ಎಂಬ ನಿವೃತ್ತ ನೌಕಾಧಿಪತಿಯೊಬ್ಬನಿದ್ದಾನೆ. ತನ್ನ ಮನೆಯ ಮಾಳಿಗೆಯನ್ನೇ ಹಡಗೆಂದು ಭಾವಿಸಿ ಹೊತ್ತುಹೊತ್ತಿಗೆ ಫಿರಂಗಿ ಹಾರಿಸುವ ವಿನೋದದ ಪಾತ್ರ. ಹೊಗೆಗೂಡು ಗುಡಿಸುವ ಕೆಲಸಗಾರರು ಮಸಿ ಮೆತ್ತಿದ ಮುಖಗಳಿಂದ ಮಾಡಿನ ಮೇಲೆ ಕುಣಿಯುವುದನ್ನು ಕಂಡು, 'ಹಾಟೆಂಟಾಟರು' ದಾಳಿಯಿಟ್ಟರೆಂದು ಅವನು ಕೂಗುತ್ತಾನೆ. ಚಿತ್ರದಲ್ಲಿ ಈ ಮಾತು ಎರಡು ಸಲ ಬರುತ್ತದೆ. ಅದು ತಪ್ಪೆಂದು ಚಿತ್ರದೊಳಗೆ ಯಾರೂ ಹೇಳುವುದಿಲ್ಲವಾದ್ದರಿಂದ 'ಯು' ವರ್ಗದ ಮೇರೆಯನ್ನು ಅದು ದಾಟುತ್ತದೆಂಬುದು ಮಂಡಲಿಯ ನಿಲುವು.

ಒಂದು ಶಬ್ದಕ್ಕೆ ಇಷ್ಟು ರಾದ್ಧಾಂತವೇ ಎಂದು ವಾಚಕರಿಗೆ ತೋರಬಹುದು. ಆದರೆ ಆ ಶಬ್ದಕ್ಕೊಂದು ಚರಿತ್ರೆಯುಂಟು. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ದನಕುರಿಗಳನ್ನು ಸಾಕಿಕೊಂಡಿದ್ದ ಜನ ತಮ್ಮನ್ನು ಖೋಯ್‌ಖೋಯ್ ಎಂದು ಕರೆದುಕೊಂಡರು. ಮನುಷ್ಯರಲ್ಲಿ ಮನುಷ್ಯರು ಎಂಬಂಥ ಅರ್ಥ ಅದಕ್ಕಿದೆ. 1652ರಲ್ಲಿ ಅಲ್ಲಿ ನೆಲೆಯೂರಿದ ಡಚ್ಚರು ಅವರಿಗೆ ಇಟ್ಟ ಹೆಸರು 'ಹಾಟೆಂಟಾಟ್'. ಅವರ ನುಡಿಯಲ್ಲಿ ನಾಲಗೆಯನ್ನು ಲೊಚಗುಟ್ಟಿಸಿ ಹೊರಡಿಸುವ ಧ್ವನಿಗಳಿವೆ; ಅವುಗಳ ಅಣಕದಿಂದ ಈ ಹೆಸರು ಹುಟ್ಟಿತೆಂದು ಹೇಳುವುದುಂಟು. 1810ರಲ್ಲಿ ಸಾರಾ ಬಾರ್ಟ್‌ಮನ್ ಎಂಬ ಖೋಯ್‌ಖೋಯ್ ತರುಣಿಯನ್ನು ಲಂಡನ್ನಿಗೆ ಕರೆತಂದು, ಅದೇ ಅಡ್ಡಹೆಸರಿನಲ್ಲಿ, ಹಣ ತೆತ್ತವರಿಗೆ ತೋರಿಸಿದರು. ಆಕೆ 1815ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ ಮೇಲೂ ಪ್ರದರ್ಶನ ನಿಲ್ಲಲಿಲ್ಲ. ಅಸ್ಥಿಪಂಜರ ವಸ್ತುಸಂಗ್ರಹಾಲಯ ಸೇರಿತು. ಅವಶೇಷಗಳು ಸ್ವದೇಶದ ಮಣ್ಣನ್ನು ಸೇರಿದ್ದು 2002ರಲ್ಲಿ. ಯಾವ ಶಬ್ದವನ್ನು ಒಬ್ಬ ಮುದುಕನ ಬಾಯಲ್ಲಿ ನಗೆಗಾಗಿ ಇಟ್ಟರೋ ಆ ಶಬ್ದದ ಬೆನ್ನಿಗೆ ಇಷ್ಟೂ ಇದೆ. ಚಿತ್ರ ತೆಗೆದವರಿಗೆ ದುರುದ್ದೇಶವಿತ್ತೆಂದು ಇದರಿಂದ ಸಿದ್ಧವಾಗದು. ಅಂದಿನ ಪ್ರೇಕ್ಷಕರಲ್ಲಿ ಬಹುಮಂದಿಗೆ ಅದು ಕಿವಿಗೆ ಬಿದ್ದೂ ಬೀಳದ ಮಾತು. ಇಂದು ಲಂಡನ್ನಿನ ಚಿತ್ರಮಂದಿರದಲ್ಲಿ ಆಫ್ರಿಕ ಮೂಲದ ಮಕ್ಕಳೂ ಕುಳಿತಿರುತ್ತಾರೆ. ಮಸಿ ಮೆತ್ತಿದ ಮುಖಗಳನ್ನು ಕಂಡು ಆ ಮಾತನ್ನಾಡಿದಾಗ ಪಕ್ಕದ ಮಗುವಿನೊಡನೆ ಆ ಮಗು ನಗಲಾರದು.

ಹೀಗಿದ್ದಲ್ಲಿ ಆ ಮಾತನ್ನು ಕತ್ತರಿಸಬಹುದಿತ್ತಲ್ಲ ಎಂದರೆ, ಕತ್ತರಿಸಲಿಲ್ಲ. ನನ್ನ ಅಲ್ಪಮತಿಗೆ ಇದೇ ಮೆಚ್ಚುವಂಥದು. ಕತ್ತರಿಸಿದ್ದರೆ 1964ರ ಜನ ಯಾವುದಕ್ಕೆ ನಕ್ಕರೆಂಬ ದಾಖಲೆ ಅಳಿಯುತ್ತಿತ್ತು. ಮುದ್ರೆಯ ಬದಲಾವಣೆ ಚಿತ್ರವನ್ನು ಮುಟ್ಟುವುದಿಲ್ಲ. ಮುದ್ರೆಯೆಂಬುದು ಚಿತ್ರದ ಮೇಲಿನ ತೀರ್ಪು ಅಲ್ಲ, ಚಿತ್ರ ನೋಡಲು ಬರುವ ಮಗುವಿನ ತಂದೆತಾಯಿಗಳಿಗೆ ಬರೆದ ಒಂದು ಓಲೆ. ಚಿತ್ರ ಹಾಗೆಯೇ ಉಳಿಯಬಹುದು. ತಂದೆತಾಯಿಗಳು ಒಂದೊಂದು ತಲೆಮಾರಿಗೂ ಬೇರೆಯವರು. ಹಾಗಿರುವಾಗ ಓಲೆಯನ್ನು ಮತ್ತೆ ಬರೆಯದೆ ಗತಿಯಿಲ್ಲ.

ಮುದ್ರೆ ಮೊದಲಿನಿಂದಲೂ ಓಲೆಯಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬ್ರಿಟಿಷ್ ಮಂಡಲಿ ಸ್ಥಾಪಿತವಾದದ್ದು 1912ರಲ್ಲಿ. ಸ್ಥಾಪಿಸಿದ್ದು ಸರ್ಕಾರವಲ್ಲ, ಚಿತ್ರೋದ್ಯಮದವರೇ. 1909ರ ಶಾಸನ ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತ್ತು. ಅದು ಮೂಲತಃ ಬೆಂಕಿಯ ಅಪಾಯಕ್ಕಾಗಿ ಹುಟ್ಟಿದ ಕಾನೂನು, ಅಂದಿನ ಚಿತ್ರದ ಸುರುಳಿ ಬೇಗ ಹೊತ್ತಿಕೊಳ್ಳುತ್ತಿತ್ತು. ಬೆಂಕಿಯ ಕಾನೂನನ್ನು ಹಿಡಿದೇ ಸ್ಥಳೀಯ ಸಂಸ್ಥೆಗಳು ಚಿತ್ರಗಳ ನೀತಿಯನ್ನೂ ವಿಚಾರಿಸತೊಡಗಿದವು. ಊರಿಗೊಂದು ನ್ಯಾಯವಾದರೆ ವ್ಯಾಪಾರ ನಡೆಯದೆಂದು ಉದ್ಯಮದವರು ತಮ್ಮದೇ ಮಂಡಲಿಯನ್ನು ಮಾಡಿಕೊಂಡರು. 'ಯು' ಮತ್ತು 'ಎ' ಎಂಬ ಎರಡೇ ವರ್ಗಗಳು. ಮುಂದೆ 'ಎ' ಚಿತ್ರಕ್ಕೆ ಹಿರಿಯರ ಜೊತೆಯಿಲ್ಲದೆ ಮಕ್ಕಳಿಗೆ ಪ್ರವೇಶವಿಲ್ಲವೆಂದಾಯಿತು. ಮಕ್ಕಳು ಬಾಗಿಲ ಬಳಿ ನಿಂತು, ಹೋಗಿಬರುವ ಅಪರಿಚಿತರನ್ನು "ನಮ್ಮನ್ನೂ ಒಳಗೆ ಕರೆದುಕೊಂಡು ಹೋಗಿ" ಎಂದು ಗೋಗರೆಯುತ್ತಿದ್ದರಂತೆ. ಮಕ್ಕಳ ರಕ್ಷಣೆಗೆ ಮಾಡಿದ ನಿಯಮ ಮಕ್ಕಳನ್ನು ಅಪರಿಚಿತರ ಕೈಗೊಪ್ಪಿಸಿತು!

ಈ ಮುದ್ರೆಗೆ ಸಿಕ್ಕಿದ ಚಿತ್ರಗಳಲ್ಲಿ ಸಾಕ್ಷಾತ್ 'ಸ್ನೋ ವೈಟ್' ಒಂದು. ಡಿಸ್ನಿಯ ಆ ಚಿತ್ರಕ್ಕೆ 1938ರಲ್ಲಿ ಮಂಡಲಿ 'ಎ' ಕೊಟ್ಟಿತು. ಮಾಟಗಾತಿಯನ್ನೂ ಭಯಂಕರವಾದ ಕಾಡನ್ನೂ ಕಂಡು ಎಳೆಯರು ಹೆದರುವರೆಂಬ ಅಂಜಿಕೆ. ಹಲವು ಸ್ಥಳೀಯ ಸಂಸ್ಥೆಗಳು ಒಪ್ಪದೆ ತಮ್ಮ ಊರುಗಳಲ್ಲಿ 'ಯು' ಎಂದು ತೋರಿಸಿದವು. ಈಗ ಅದು ಎಲ್ಲೆಡೆ 'ಯು'. ವಯೋಮುದ್ರೆ ದಿನೇದಿನೇ ಬಿಗಿಯಾಗುತ್ತಿದೆಯೆಂದು ದೂರುವವರು ಈ ಚಿತ್ರವನ್ನು ನೆನೆಯಬೇಕು. 1955ರ 'ರೆಬೆಲ್ ವಿದೌಟ್ ಎ ಕಾಸ್' ಎಂಬುದಕ್ಕೆ ವಯಸ್ಕರಿಗೆ ಮಾತ್ರವೆಂಬ 'ಎಕ್ಸ್' ಬಿದ್ದಿತ್ತು. ಅದು ಈಗ 'ಪಿ.ಜಿ.' ಇನ್ನೊಂದು ಕಡೆ, 1978ರ 'ವಾಟರ್‌ಶಿಪ್ ಡೌನ್'. ಮೊಲಗಳ ಕಥೆಯಲ್ಲವೇ ಎಂದು 'ಯು' ಕೊಟ್ಟದ್ದಾಯಿತು. ಆ ಮೊಲಗಳು ಒಂದನ್ನೊಂದು ಕಚ್ಚಿ ಸೀಳಿ ರಕ್ತ ಸುರಿಸುವುದನ್ನು ಕಂಡ ಮಕ್ಕಳ ತಂದೆತಾಯಿಗಳು ವರ್ಷ ವರ್ಷವೂ ಮಂಡಲಿಗೆ ದೂರು ಬರೆದರು. ಅದು 'ಪಿ.ಜಿ.' ಆಗಲು ಸುಮಾರು ನಲವತ್ತೈದು ವರ್ಷ ಹಿಡಿಯಿತು. ಒಟ್ಟಿನಲ್ಲಿ ಒಂದು ಕಾಲದ ಅಂಜಿಕೆ ಮತ್ತೊಂದು ಕಾಲದ್ದಲ್ಲ: ಅಂದಿನವರು ಮಾಟಗಾತಿಗೆ ಅಂಜಿದರು, ಅವಮಾನದ ಮಾತಿಗೆ ಅಂಜಲಿಲ್ಲ.

1982ರಲ್ಲಿ ಬ್ರಿಟನ್ನಿನ ಹಳೆಯ 'ಎ' ಹೋಗಿ 'ಪಿ.ಜಿ.' ಬಂದಿತು. ಹಿರಿಯರ ಜೊತೆ ಕಡ್ಡಾಯವಲ್ಲ, ಹಿರಿಯರ ವಿವೇಚನೆ ಸಾಕು. ಬಾಗಿಲು ಕಾಯುವವನು ಸಲಹೆ ಹೇಳುವವನಾದನು. ಸಲಹೆ ಕೊಡಬೇಕಾದರೆ ಕಾರಣವನ್ನೂ ಹೇಳಬೇಕಷ್ಟೆ. ಮುದ್ರೆಯ ಜೊತೆಗೆ ಇದರಲ್ಲಿ ಹಿಂಸೆಯುಂಟು, ಇದರಲ್ಲಿ ಅವಹೇಳನದ ಭಾಷೆಯುಂಟು ಎಂದು ಆ ಮಂಡಲಿ ಒಂದೆರಡು ಮಾತು ಬರೆಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಜನರನ್ನೇ ವಿಚಾರಿಸಿ ತನ್ನ ಸೂತ್ರಗಳನ್ನು ತಿದ್ದಿಕೊಳ್ಳುತ್ತದೆ. 2024ರ ಸೂತ್ರಗಳಿಗಾಗಿ ಸುಮಾರು 12,000 ಮಂದಿಯ ಅಭಿಪ್ರಾಯ ಪಡೆದರು. ಆದರೂ ಲೋಪವಿಲ್ಲವೆನ್ನಲಾಗದು. 'ಮೇರಿ ಪಾಪಿನ್ಸ್'ಗೆ ಹೊಸ ಮುದ್ರೆ ಬಿದ್ದದ್ದು ಚಿತ್ರಮಂದಿರದ ಪ್ರತಿಗೆ ಮಾತ್ರ. ಮನೆಯಲ್ಲಿ ನೋಡುವ ಪ್ರತಿ ಆಗಲೂ 'ಯು' ಆಗಿಯೇ ಉಳಿಯಿತು. ಮಕ್ಕಳು ಹೆಚ್ಚಾಗಿ ನೋಡುವುದು ಎಲ್ಲಿ?

ನಮ್ಮ ದೇಶದ ಏರ್ಪಾಡು ಬ್ರಿಟಿಷರ ಆಳ್ವಿಕೆಯಲ್ಲಿ, 1918ರ ಶಾಸನದಿಂದ ಹುಟ್ಟಿದ್ದು. ಆದ್ದರಿಂದ ಈ ಚರ್ಚೆ ನಮಗೆ ತೀರ ಹೊರಗಿನದಲ್ಲ. 1952ರ ಶಾಸನದಲ್ಲೂ ಅದೇ 'ಯು' ಮತ್ತು 'ಎ'. 1983ರಲ್ಲಿ ಹನ್ನೆರಡರ ಕೆಳಗಿನವರಿಗಾಗಿ 'ಯುಎ' ಬಂದಿತು, ಸೆನ್ಸಾರ್ ಮಂಡಲಿಯ ಹೆಸರೂ ಪ್ರಮಾಣೀಕರಣ ಮಂಡಲಿ ಎಂದಾಯಿತು. 2023ರ ತಿದ್ದುಪಡಿಯಿಂದ 'ಯುಎ' ಒಡೆದು 7, 13, 16 ಎಂಬ ಮೂರು ಮೆಟ್ಟಿಲುಗಳಾಗಿವೆ. ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು: ಶಾಸನದ ಅಕ್ಷರದಲ್ಲಿ ಹತ್ತು ವರ್ಷವಿದ್ದ ಪ್ರಮಾಣಪತ್ರದ ಆಯುಸ್ಸನ್ನು ಚಿರಾಯುವಾಗಿಸಿತು. ನಿರ್ಮಾಪಕರಿಗೆ ಇದರಿಂದ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಹಳೆಯ ಚಿತ್ರವನ್ನು ಹೊಸ ಕಣ್ಣಿನಿಂದ ನೋಡುವ ಸಂದರ್ಭ ಅಷ್ಟರಮಟ್ಟಿಗೆ ಕಡಮೆಯಾಯಿತೆಂದು ನನಗೆ ತೋರುತ್ತದೆ. ನಮ್ಮ ಹಳೆಯ ಚಿತ್ರಗಳಲ್ಲೂ ಕುಂಟ, ಕಿವುಡ, ತೊದಲರನ್ನು ಕಂಡೊಡನೆ ನಗಬೇಕೆಂಬ ಹಾಸ್ಯವಿದೆ. ಕೆಲವೆಡೆ ಜಾತಿಯ ಹೆಸರೇ ಬೈಗುಳವಾಗಿ ಬರುತ್ತದೆ. ಅವುಗಳ 'ಯು' ಹಾಗೆಯೇ ಇದೆ.

ಇನ್ನು ಓಲೆಯನ್ನು ಓದುವವರ ವಿಚಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಾಯಿಗೆ ಓದು ಬಾರದು. ಚಿತ್ರದ ಮೊದಲಲ್ಲಿ ತೋರಿಸುವ ಪ್ರಮಾಣಪತ್ರ ಇಂಗ್ಲಿಷ್ ಹಿಂದಿಗಳಲ್ಲಿರುವುದರಿಂದ ಅವರ ಪಾಲಿಗೆ ಅದು ಚಿತ್ರ ಶುರುವಾಗುವ ಮುಂಚಿನ ಒಂದು ಕಾಗದ, ಅಷ್ಟೆ. ಪೋಷಕರ ಮಾರ್ಗದರ್ಶನ ಎಂದು ಯಾರನ್ನು ಕುರಿತು ಹೇಳಿದೆಯೋ ಅವರಿಗೇ ಆ ಮಾತು ಮುಟ್ಟುವುದಿಲ್ಲ. ಆದರೆ ಅವರು ಅಂಕಿಗಳನ್ನು ಬಲ್ಲರು. ಬಸ್ಸಿನ ನಂಬರು, ಪಡಿತರದ ತೂಕ, ಯಾವುದರಲ್ಲೂ ಮೋಸ ಹೋದವರಲ್ಲ. ಹೊಸ ಮುದ್ರೆಯ 7, 13, 16 ಅವರಿಗೆ ತಿಳಿಯುತ್ತದೆ. 'ಯುಎ' ಎಂದೂ ತಿಳಿದಿರಲಿಲ್ಲ. ಮೊನ್ನೆ ನನ್ನ ತಂಗಿಯೊಡನೆ ಟೀವಿಯ ಮುಂದೆ ಕುಳಿತಿದ್ದಾಗ 13 ಎಂಬುದನ್ನು ಕಂಡು, "ಇವಳಿಗೆ ಹನ್ನೊಂದಲ್ಲವೇನೋ, ಇದರಲ್ಲಿ ಅಂಥಾದ್ದೇನಿದೆ?" ಎಂದು ಕೇಳಿದರು. ಅಂಕಿಯ ಪಕ್ಕದಲ್ಲಿ ಕಾರಣವನ್ನು ಕನ್ನಡದಲ್ಲಿ ಬರೆದಿದ್ದರೆ ನಾನು ಓದಿ ಹೇಳಬಹುದಿತ್ತು, ಬರೆದಿರಲಿಲ್ಲ.