ಉದರಪೊರೆಯ ಡಯಾಲಿಸಿಸ್: ಎಷ್ಟು ಸಾಕು?

ಮೂತ್ರಪಿಂಡಗಳು ರಕ್ತದಲ್ಲಿರುವ ಕಲ್ಮಶಗಳನ್ನೂ ಹೆಚ್ಚುವರಿ ನೀರನ್ನೂ ಮೂತ್ರದ ರೂಪದಲ್ಲಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಮೊದಲಾದ ಕಾರಣಗಳಿಂದ ಅವು ಶಾಶ್ವತವಾಗಿ ಶಕ್ತಿಗುಂದಿದಾಗ, ಜೀವ ಉಳಿಸಿಕೊಳ್ಳಲು ಬದಲಿ ಮೂತ್ರಪಿಂಡದ ಜೋಡಣೆ ಇಲ್ಲವೇ ಡಯಾಲಿಸಿಸ್ ಅಗತ್ಯವಾಗುತ್ತದೆ. ಡಯಾಲಿಸಿಸ್‌ನಲ್ಲಿ ಎರಡು ವಿಧಗಳಿವೆ. ಒಂದರಲ್ಲಿ ರಕ್ತವನ್ನು ದೇಹದಿಂದ ಹೊರತಂದು ಯಂತ್ರದ ಮೂಲಕ ಶುದ್ಧಗೊಳಿಸಲಾಗುತ್ತದೆ. ಇನ್ನೊಂದರಲ್ಲಿ ಉದರದೊಳಗಿನ ಪೊರೆಯೇ ಶೋಧಕದ ಕೆಲಸ ಮಾಡುತ್ತದೆ. ಈ ಎರಡನೆಯ ವಿಧಾನವನ್ನು ಮನೆಯಲ್ಲಿಯೇ ನಡೆಸಬಹುದು. ಆದರೆ ಇದನ್ನು ಎಷ್ಟು ಪ್ರಮಾಣದಲ್ಲಿ ಮಾಡಿದರೆ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಹಲವು ವರ್ಷಗಳ ಸಂಶೋಧನೆ ಬೇಕಾಯಿತು.

ವಿಧಾನ

ಉದರದ ಒಳಗೋಡೆಯನ್ನೂ ಕರುಳು ಮೊದಲಾದ ಅಂಗಗಳನ್ನೂ ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ಈ ಪೊರೆಯಲ್ಲಿ ಅಸಂಖ್ಯಾತ ಸೂಕ್ಷ್ಮ ರಕ್ತನಾಳಗಳಿವೆ. ಶಸ್ತ್ರಚಿಕಿತ್ಸೆಯಿಂದ ಉದರದಲ್ಲಿ ಅಳವಡಿಸಿದ ಮೃದುವಾದ ಕೊಳವೆಯ ಮೂಲಕ ಸುಮಾರು 2 ಲೀಟರ್ ದ್ರಾವಣವನ್ನು ಒಳಗೆ ತುಂಬಲಾಗುತ್ತದೆ. ಅದು ಕೆಲವು ಗಂಟೆಗಳ ಕಾಲ ಅಲ್ಲಿರುವಾಗ ಯೂರಿಯಾ ಮತ್ತು ಕ್ರಿಯಾಟಿನಿನ್‌ನಂತಹ ಕಲ್ಮಶಗಳು ರಕ್ತದಿಂದ ದ್ರಾವಣಕ್ಕೆ ಇಳಿಯುತ್ತವೆ. ದ್ರಾವಣದಲ್ಲಿರುವ ಗ್ಲೂಕೋಸ್ ದೇಹದ ಹೆಚ್ಚುವರಿ ನೀರನ್ನು ಸೆಳೆಯುತ್ತದೆ. ಬಳಿಕ ಅದನ್ನು ಹೊರಬಿಟ್ಟು ಹೊಸ ದ್ರಾವಣ ತುಂಬಬೇಕು. ಸಾಮಾನ್ಯವಾಗಿ ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಬದಲಾಯಿಸಲಾಗುತ್ತದೆ. ರಾತ್ರಿ ನಿದ್ರಿಸುವಾಗ ಯಂತ್ರವೇ ಈ ಕೆಲಸ ಮಾಡುವ ವ್ಯವಸ್ಥೆಯೂ ಇದೆ.

1923ರಲ್ಲಿ ಜರ್ಮನಿಯ ಗಿಯೋರ್ಗ್ ಗಾಂಟರ್ ಈ ವಿಧಾನದ ಮೊದಲ ಪ್ರಯೋಗಗಳನ್ನು ಪ್ರಕಟಿಸಿದರು. 1968ರಲ್ಲಿ ಹೆನ್ರಿ ಟೆಂಕಾಫ್ ದೀರ್ಘಕಾಲ ದೇಹದಲ್ಲಿ ಉಳಿಯಬಲ್ಲ ಕೊಳವೆಯನ್ನು ವಿವರಿಸಿದರು. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಅವರು, ರೋಗಿಯು ಓಡಾಡಿಕೊಂಡಿರುವಾಗಲೇ ನಡೆಯುವ ನಿರಂತರ ಡಯಾಲಿಸಿಸ್‌ನ ಕಲ್ಪನೆಯನ್ನು ಮುಂದಿಟ್ಟರು. ಭಾರತದಲ್ಲಿ ಈ ಚಿಕಿತ್ಸೆ 1991ರಲ್ಲಿ ಆರಂಭವಾಯಿತು.

ಮೊದಲ ಉತ್ತರ

ಚಿಕಿತ್ಸೆ ಹರಡಿದಂತೆ ಅದರ ಪ್ರಮಾಣವನ್ನು ಅಳೆಯುವ ಮಾನದಂಡ ಬೇಕಾಯಿತು. ಒಂದು ವಾರದಲ್ಲಿ, ದೇಹದಲ್ಲಿರುವ ಒಟ್ಟು ನೀರಿನ ಎಷ್ಟು ಪಟ್ಟು ನೀರು ಯೂರಿಯಾದಿಂದ ಮುಕ್ತವಾಯಿತು ಎಂಬುದನ್ನು ಲೆಕ್ಕಹಾಕುವ ಈ ಅಳತೆಗೆ ‘ಕೆಟಿ ಬೈ ವಿ’ ಎಂದು ಹೆಸರು. ಕೆನಡಾ ಮತ್ತು ಅಮೆರಿಕಗಳಲ್ಲಿ ಹೊಸದಾಗಿ ಚಿಕಿತ್ಸೆ ಆರಂಭಿಸಿದ 680 ರೋಗಿಗಳನ್ನು ಅನುಸರಿಸಿದ ‘ಕ್ಯಾನುಸಾ’ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಈ ಅಳತೆಯು 0.1ರಷ್ಟು ಹೆಚ್ಚಿದಲ್ಲಿ ಸಾವಿನ ಸಾಪೇಕ್ಷ ಅಪಾಯವು ಶೇಕಡಾ 5ರಷ್ಟು ಕಡಿಮೆಯಿರುವುದು ಅದರಲ್ಲಿ ಕಂಡುಬಂದಿತು. ಹೆಚ್ಚು ದ್ರಾವಣ ಬಳಸಿದಷ್ಟೂ ಒಳ್ಳೆಯದೆಂಬ ಅಭಿಪ್ರಾಯ ಇದರಿಂದ ಬಲಗೊಂಡಿತು.

ಈ ತೀರ್ಮಾನದ ಹಿಂದೆ ಒಂದು ಊಹೆ ಅಡಗಿತ್ತು. ಡಯಾಲಿಸಿಸ್ ಆರಂಭಿಸಿದ ಅನೇಕರಲ್ಲಿ ಮೂತ್ರಪಿಂಡಗಳು ಅಲ್ಪಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತವೆ. ಮೂತ್ರಪಿಂಡದಿಂದ ಆದ ಶುದ್ಧೀಕರಣವನ್ನೂ ಉದರಪೊರೆಯಿಂದ ಆದದ್ದನ್ನೂ ಸಮಾನವೆಂದು ಭಾವಿಸಿ ಒಟ್ಟಿಗೆ ಕೂಡಿಸಲಾಗಿತ್ತು.

ತಿದ್ದುಪಡಿಯಾದ ಉತ್ತರ

2001ರಲ್ಲಿ ಅದೇ ಮಾಹಿತಿಯನ್ನು ಬೇರ್ಪಡಿಸಿ ಪುನಃ ಪರಿಶೀಲಿಸಲಾಯಿತು. ಆಗ ಬದುಕುಳಿಯುವಿಕೆಗೆ ಸಂಬಂಧವಿದ್ದುದು ಉಳಿದಿದ್ದ ಮೂತ್ರಪಿಂಡಶಕ್ತಿಗೇ ಹೊರತು ಉದರಪೊರೆಯ ಶುದ್ಧೀಕರಣದ ಪ್ರಮಾಣಕ್ಕಲ್ಲ ಎಂದು ತಿಳಿದುಬಂದಿತು. ದಿನದ ಮೂತ್ರವು 250 ಮಿಲಿಲೀಟರ್ ಹೆಚ್ಚಿದ್ದಲ್ಲಿ ಸಾವಿನ ಸಾಪೇಕ್ಷ ಅಪಾಯವು ಶೇಕಡಾ 36ರಷ್ಟು ಕಡಿಮೆಯಿತ್ತು.

ನಿರ್ಣಾಯಕ ಪರೀಕ್ಷೆ ಮೆಕ್ಸಿಕೋ ದೇಶದಲ್ಲಿ ನಡೆಯಿತು. 2002ರಲ್ಲಿ ಪ್ರಕಟವಾದ ‘ಅಡೆಮೆಕ್ಸ್’ ಪ್ರಯೋಗದಲ್ಲಿ 965 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿಗೆ ದಿನಕ್ಕೆ ನಾಲ್ಕು ಬಾರಿ 2 ಲೀಟರ್‌ನ ವಾಡಿಕೆಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಹೆಚ್ಚಿನ ಪ್ರಮಾಣದ ಚಿಕಿತ್ಸೆ. ಎರಡು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 68.3, ಎರಡನೆಯದರಲ್ಲಿ ಶೇಕಡಾ 69.3, ಅಂದರೆ ಗಣನೀಯ ವ್ಯತ್ಯಾಸವಿರಲಿಲ್ಲ.

ಹಾಗೆಂದು ಚಿಕಿತ್ಸೆಯನ್ನು ಮನಬಂದಂತೆ ಕಡಿಮೆ ಮಾಡಲಾಗದು. 2003ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ 320 ರೋಗಿಗಳ ಪ್ರಯೋಗದಲ್ಲಿಯೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಳತೆ 1.7ಕ್ಕಿಂತ ಕಡಿಮೆಯಿದ್ದವರಲ್ಲಿ ರಕ್ತಹೀನತೆ ಮುಂತಾದ ತೊಂದರೆಗಳು ಹೆಚ್ಚಾಗಿದ್ದವು. 2006ರ ಅಂತರರಾಷ್ಟ್ರೀಯ ಮಾರ್ಗಸೂಚಿಯು 1.7ನ್ನು ಕನಿಷ್ಠ ಗುರಿಯೆಂದು ಸೂಚಿಸಿತು. ಒಂದೇ ಅಂಕಿಯನ್ನು ನೆಚ್ಚದೆ ರೋಗಿಯ ಲಕ್ಷಣಗಳು, ಆಹಾರ, ದೇಹದ ನೀರಿನ ಸಮತೋಲ ಹಾಗೂ ಜೀವನದ ನೆಮ್ಮದಿ ಇವೆಲ್ಲವನ್ನೂ ಗಮನಿಸಬೇಕೆಂದು 2020ರ ಮಾರ್ಗಸೂಚಿ ತಿಳಿಸಿತು.

ರೋಗಿಗಳು ಗಮನಿಸಬೇಕಾದ ಅಂಶಗಳು

ಉಳಿದಿರುವ ಮೂತ್ರಪಿಂಡಶಕ್ತಿಯನ್ನು ಕಾಪಾಡಿಕೊಳ್ಳುವುದು ಈ ಸಂಶೋಧನೆಗಳ ಮುಖ್ಯ ಪಾಠ. ಡಯಾಲಿಸಿಸ್ ಆರಂಭವಾದ ಮೇಲೆ ಬರುವ ಅಲ್ಪ ಮೂತ್ರವನ್ನು ನಿಷ್ಪ್ರಯೋಜಕವೆಂದು ಭಾವಿಸಬಾರದು. ವೈದ್ಯರು ಸೂಚಿಸಿದಾಗ 24 ಗಂಟೆಗಳ ಮೂತ್ರವನ್ನು ತಪ್ಪದೆ ಸಂಗ್ರಹಿಸಿ ಅಳೆಯಲು ಕೊಡಬೇಕು. ಅನೇಕ ನೋವು ನಿವಾರಕ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರವಾದುದರಿಂದ ಅವುಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು. ವಾಂತಿ ಭೇದಿಯಿಂದ ದೇಹದ ನೀರು ಕಡಿಮೆಯಾದಾಗ ವೈದ್ಯರಿಗೆ ಬೇಗನೆ ತಿಳಿಸಬೇಕು.

ಎರಡನೆಯ ಅಂಶ ಸೋಂಕಿನ ತಡೆ. ಉದರಪೊರೆಗೆ ಸೋಂಕು ತಗಲಿದರೆ ಹೊರಬರುವ ದ್ರಾವಣವು ಕದಡಿದಂತಿರುತ್ತದೆ. ಹೊಟ್ಟೆನೋವು, ಜ್ವರ ಕಾಣಿಸಿಕೊಳ್ಳಬಹುದು. ಇಂತಹ ಸಂದರ್ಭದಲ್ಲಿ ಮರುದಿನದವರೆಗೆ ಕಾಯದೆ, ಆ ದ್ರಾವಣದ ಚೀಲದೊಂದಿಗೆ ಆಸ್ಪತ್ರೆಗೆ ಹೋಗತಕ್ಕದ್ದು. ಪದೇ ಪದೇ ಸೋಂಕಾದರೆ ಪೊರೆಯ ಶೋಧಕ ಶಕ್ತಿಯೇ ನಷ್ಟವಾಗಬಹುದು. ದ್ರಾವಣ ಬದಲಾಯಿಸುವ ಮುನ್ನ ಸಾಬೂನಿನಿಂದ ಕೈ ತೊಳೆದು ಚೆನ್ನಾಗಿ ಒಣಗಿಸುವುದು, ಮುಖಕ್ಕೆ ಮುಸುಕು ಧರಿಸುವುದು, ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚುವುದು, ಇವು ಸರಳವಾದರೂ ಜೀವರಕ್ಷಕ ಕ್ರಮಗಳು. ಮನೆಯ ಇನ್ನೊಬ್ಬ ಸದಸ್ಯರೂ ಈ ತರಬೇತಿ ಪಡೆದಿದ್ದರೆ ಅನುಕೂಲ.

2016ರಲ್ಲಿ ಘೋಷಿತವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಮೊದಲು ಯಂತ್ರದ ಡಯಾಲಿಸಿಸ್‌ಗೆ ಸೀಮಿತವಾಗಿತ್ತು. ಉದರಪೊರೆಯ ಡಯಾಲಿಸಿಸ್‌ಗೂ ಸಂಬಂಧಿಸಿದ ಮಾರ್ಗಸೂಚಿಗಳನ್ನು ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ಹೊರಡಿಸಿತು. ಡಯಾಲಿಸಿಸ್ ಕೇಂದ್ರದಿಂದ ದೂರದಲ್ಲಿರುವ ಕುಟುಂಬಗಳು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಈ ಸೌಲಭ್ಯದ ಬಗ್ಗೆ ವಿಚಾರಿಸಬಹುದು. ಚಿಕಿತ್ಸೆಯ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಅದರ ಫಲವು ಬಹುಮಟ್ಟಿಗೆ ಮನೆಯಲ್ಲಿ ಪ್ರತಿದಿನ ಪಾಲಿಸುವ ಶುಚಿತ್ವ ಮತ್ತು ಎಚ್ಚರಿಕೆಯನ್ನು ಅವಲಂಬಿಸಿದೆ.